ಕ್ರೋಮ್ ಲೇಪ ತೆಗೆಯುವ ಎರಡು ವಿಧಾನಗಳು: ಸಾಂಗ್ಲಿ–ಮಿರಜ ಪರಿಸರದ ಮೂರು ಬಗೆಯ ವಸ್ತುಗಳನ್ನು ಕುರಿತು ಟಿಪ್ಪಣಿ

1. ವ್ಯಾಪ್ತಿ

ಹಳೆಯ ಲೋಹದ ವಸ್ತುವಿಗೆ ಹೊಸ ಬಣ್ಣವನ್ನೋ ಹೊಸ ಲೇಪವನ್ನೋ ಕೊಡುವ ಮುನ್ನ ಅದರ ಮೇಲಿನ ಕ್ರೋಮ್ ತೆಗೆಯಬೇಕಾಗುತ್ತದೆ. ಇದಕ್ಕೆ ರೂಢಿಯಲ್ಲಿರುವ ರಾಸಾಯನಿಕ ವಿಧಾನಗಳು ಮುಖ್ಯವಾಗಿ ಎರಡು. ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದುವುದು ಒಂದು. ಕಾಸ್ಟಿಕ್ ಸೋಡಾ ದ್ರಾವಣದಲ್ಲಿಟ್ಟು ಉಲ್ಟಾ ಕರೆಂಟು ಕೊಡುವುದು, ಅಂದರೆ ವಸ್ತುವನ್ನೇ ಧನಧ್ರುವವಾಗಿಸುವುದು, ಇನ್ನೊಂದು. ಎರಡರಿಂದಲೂ ಕ್ರೋಮ್ ಹೋಗುತ್ತದೆಯಾದ್ದರಿಂದ ಇವನ್ನು ಒಂದರ ಬದಲು ಇನ್ನೊಂದು ಎಂಬಂತೆ ಬಳಸುವುದುಂಟು. ಇವು ಸಮಾನವಲ್ಲ ಎಂಬುದು ಈ ಟಿಪ್ಪಣಿಯ ಮುಖ್ಯ ಹೇಳಿಕೆ. ಕೆಳಗೆ ಉಳಿಯುವ ಲೋಹದ ಸ್ಥಿತಿ ಮತ್ತು ತೊಟ್ಟಿಯಲ್ಲಿ ಉಳಿಯುವ ಕ್ರೋಮಿಯಂನ ರೂಪ, ಎರಡರಲ್ಲೂ ಇವು ಬೇರೆಬೇರೆ.

ಸಾಂಗ್ಲಿ–ಮಿರಜ ಪರಿಸರವನ್ನು ಆಯ್ದುಕೊಳ್ಳಲು ಎರಡು ಕಾರಣಗಳಿವೆ. ಒಂದು, ಲೋಹದ ಕೆಲಸ ಮತ್ತು ವಾದ್ಯ ತಯಾರಿಕೆ ಇಲ್ಲಿ ಅಕ್ಕಪಕ್ಕದಲ್ಲೇ ನಡೆಯುತ್ತವೆ. ಕುಪವಾಡ ಮತ್ತು ಮಿರಜಗಳಲ್ಲಿ ಕೈಗಾರಿಕಾ ವಸಾಹತುಗಳಿವೆ. ಮಿರಜದ ಸಿತಾರ–ತಂಬೂರಿ ಪರಂಪರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರಿಂದ ಮೊದಲಾಯಿತೆಂದು ಪ್ರತೀತಿ; ಈ ಎರಡು ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಎರಡು, ಕೃಷ್ಣಾ ನದಿ. ಸಾಂಗ್ಲಿ ಪಟ್ಟಣದ ಎದುರು ದಡದಲ್ಲಿರುವ ಸಾಂಗ್ಲಿವಾಡಿಯನ್ನು 1929ರ ಆಯರ್ವಿನ್ ಸೇತುವೆ ಪಟ್ಟಣಕ್ಕೆ ಜೋಡಿಸುತ್ತದೆ. ಪ್ರವಾಹದ ಮಟ್ಟವನ್ನು ಅಳೆಯುವುದೂ ಇದೇ ಸೇತುವೆಯಲ್ಲಿ. ಈ ಸಂಗತಿ 7ನೆಯ ವಿಭಾಗದಲ್ಲಿ ಮತ್ತೆ ಬೇಕಾಗುತ್ತದೆ.

2. ಕಾಲನಿರ್ಣಯ: ಲೇಪ ನಿಕಲ್ಲೋ ಕ್ರೋಮೋ?

ಲೇಪ ತೆಗೆಯುವ ಮಾತಿಗೆ ಮೊದಲು ಅದು ಯಾವ ಲೇಪ ಎಂಬುದು ಇತ್ಯರ್ಥವಾಗಬೇಕು. ಕ್ರೋಮ್ ಲೇಪದ ಆರಂಭದ ಬಗ್ಗೆ ಬರಹಗಳಲ್ಲಿ ಕಾಣುವ ವರ್ಷಗಳು ಒಂದಕ್ಕೊಂದು ಹೊಂದುವುದಿಲ್ಲ. 1854, 1856, 1920, 1924, 1926 ಎಂಬ ಐದೂ ವರ್ಷಗಳನ್ನು ‘ಮೊದಲು’ ಎಂದು ಕೊಟ್ಟಿರುವುದುಂಟು. ಪರಿಶೀಲಿಸಿದರೆ ಈ ವ್ಯತ್ಯಾಸ ಬಹುಮಟ್ಟಿಗೆ ಬಗೆಹರಿಯುತ್ತದೆ. 1854 ಬುನ್ಸೆನ್ನನದು: ಕ್ರೋಮಿಯಂ ಕ್ಲೋರೈಡ್ ದ್ರಾವಣದಿಂದ ವಿದ್ಯುತ್ತಿನ ಮೂಲಕ ಲೋಹ ಪಡೆದದ್ದು. 1856 ಗ್ಯೂಥರನದು: ಕ್ರೋಮಿಕ್ ಆಮ್ಲದಿಂದ ಪಡೆದದ್ದು. 1920 ಸಾರ್ಜೆಂಟ್ ಪ್ರಕಟಿಸಿದ ಪ್ರಬಂಧದ ವರ್ಷ. 1924ರ ಸುಮಾರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ಮತ್ತು ಸಂಗಡಿಗರು ಸಲ್ಫೇಟಿನ ಪ್ರಮಾಣವನ್ನು ಹತೋಟಿಯಲ್ಲಿಟ್ಟು ವ್ಯಾಪಾರಕ್ಕೆ ಒದಗುವ ಕ್ರಮವನ್ನು ರೂಪಿಸಿದರು. ಅದರ ಅಮೆರಿಕನ್ ಪೇಟೆಂಟು ಮಂಜೂರಾದದ್ದು 1926ರಲ್ಲಿ. ಅಂದರೆ ಇವು ಒಂದೇ ಘಟನೆಗೆ ಕೊಟ್ಟ ಐದು ವರ್ಷಗಳಲ್ಲ, ಬೇರೆಬೇರೆ ಘಟನೆಗಳ ವರ್ಷಗಳು. ಲೇಪ ತೆಗೆಯುವವರಿಗೆ ಬೇಕಾದದ್ದು ಕೊನೆಯ ಘಟನೆ ಮಾತ್ರ: 1920ರ ದಶಕದ ಮಧ್ಯಭಾಗಕ್ಕಿಂತ ಮೊದಲು ಮಾರಾಟದ ವಸ್ತುವಿನ ಮೇಲೆ ಕ್ರೋಮ್ ಇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ನಿಕಲ್ ಲೇಪ ಇದಕ್ಕಿಂತ ಬಹಳ ಹಿಂದಿನದು. ಐಸಾಕ್ ಆಡಮ್ಸ್‌ನ ಪೇಟೆಂಟು 1869ರದು. ಇಂದಿಗೂ ಆಧಾರವಾಗಿರುವ ವಾಟ್ಸ್ ದ್ರಾವಣ 1916ರದು. ಇದರ ಒಂದು ಸ್ಥಳೀಯ ಪರಿಣಾಮವನ್ನು ಗುರುತಿಸಬಹುದು. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದು 1888ರಲ್ಲಿ. ಔಂಧ ಸಂಸ್ಥಾನದ ಕುಂಡಲ ರೋಡ್ ಬಳಿ, ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ, ಕಿರ್ಲೋಸ್ಕರವಾಡಿ ಆರಂಭವಾದದ್ದು 1910ರಲ್ಲಿ. ಆ ಕಾಲದ ಸೈಕಲ್ ಹ್ಯಾಂಡಲಾಗಲಿ ಗಂಟೆಯಾಗಲಿ ಮೂಲ ಲೇಪದೊಂದಿಗೇ ಉಳಿದಿದ್ದರೆ ಅದು ನಿಕಲ್ ಆಗಿರಬೇಕು. ಅದರ ಮೇಲೆ ಕ್ರೋಮ್ ಕಂಡುಬಂದರೆ ನಂತರದ ಯಾವುದೋ ದುರಸ್ತಿಯಲ್ಲಿ ಸೇರಿದ್ದೆಂದು ತಿಳಿಯುವುದು ಹೆಚ್ಚು ಸುರಕ್ಷಿತ.

3. ಪದರಗಳ ದಪ್ಪ

‘ಕ್ರೋಮ್ ಲೇಪ’ ಎನ್ನುವುದು ಸಾಮಾನ್ಯವಾಗಿ ಒಂದೇ ಪದರವಲ್ಲ. ಅಲಂಕಾರದ ಲೇಪದಲ್ಲಿ ಉಕ್ಕಿನ ಮೇಲೆ ಕೆಲವೊಮ್ಮೆ ತಾಮ್ರ, ಅದರ ಮೇಲೆ 10ರಿಂದ 40 ಮೈಕ್ರಾನ್ ದಪ್ಪದ ನಿಕಲ್, ಎಲ್ಲಕ್ಕೂ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಕ್ರೋಮ್ ಇರುತ್ತದೆ. ಐಎಸ್ಓ 1456 ಮಾನಕವು ಸಾಧಾರಣ ಕ್ರೋಮ್ ಪದರಕ್ಕೆ ವಿಧಿಸುವ ಕನಿಷ್ಠ ದಪ್ಪ 0.3 ಮೈಕ್ರಾನ್. ಇದೇ ಬಗೆಯ ಲೇಪಗಳಿಗೆ ನಮ್ಮ ಭಾರತೀಯ ಮಾನಕ ಐಎಸ್ 1068.

0.3 ಮೈಕ್ರಾನ್ ಕ್ರೋಮ್, 20 ಮೈಕ್ರಾನ್ ನಿಕಲ್ ಎಂದು ಹಿಡಿದು ಒಂದು ಚದರ ಡೆಸಿಮೀಟರಿಗೆ, ಅಂದರೆ 10 ಸೆಂ.ಮೀ. ಉದ್ದಗಲದ ಚೌಕಕ್ಕೆ, ಲೆಕ್ಕ ಹಾಕಿದರೆ ಕ್ರೋಮ್ 21.6 ಮಿಲಿಗ್ರಾಂ ಆಗುತ್ತದೆ, ನಿಕಲ್ 1.78 ಗ್ರಾಂ. ತೂಕದಲ್ಲಿ ನಿಕಲ್ ಎಂಬತ್ತು ಪಟ್ಟಿಗೂ ಹೆಚ್ಚು. ‘ಕ್ರೋಮ್ ತೆಗೆದಾಯಿತು’ ಎಂದಾಗ ತೆಗೆದದ್ದು ಲೇಪದ ಬಹಳ ಚಿಕ್ಕ ಪಾಲು. ಮುಂದಿನ ಬಣ್ಣ ನಿಲ್ಲುತ್ತದೆಯೋ ಏಳುತ್ತದೆಯೋ ಎಂಬುದನ್ನು ಬಹುತೇಕ ನಿರ್ಧರಿಸುವುದು ಹಿಂದೆ ಉಳಿದ ನಿಕಲ್. ಕೆಲಸದ ವಿವರಣೆಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ತೋರುತ್ತದೆ.

ಹೈಡ್ರಾಲಿಕ್ ದಂಡ, ಮೋಟರ್ ಸೈಕಲಿನ ಮುಂದಿನ ಫೋರ್ಕ್ ಕೊಳವೆ ಮುಂತಾದವುಗಳ ಮೇಲಿನ ಹಾರ್ಡ್ ಕ್ರೋಮ್‌ನ ಜಾತಿಯೇ ಬೇರೆ. ಅದನ್ನು ಸಾಮಾನ್ಯವಾಗಿ ನಿಕಲ್ ಇಲ್ಲದೆ ನೇರವಾಗಿ ಉಕ್ಕಿನ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರಾನ್ ದಪ್ಪಕ್ಕೆ ಕೂರಿಸಿರುತ್ತಾರೆ. ಅದನ್ನು ಇಲ್ಲಿ ಹೋಲಿಕೆಗೆ ಮಾತ್ರ ಬಳಸಿದೆ.

4. ಹನಿ ಪರೀಕ್ಷೆ

ಕ್ರೋಮ್ ತುಸು ನೀಲಿ ಛಾಯೆಯದು, ನಿಕಲ್ ತುಸು ಹಳದಿ ಛಾಯೆಯದು. ಎರಡನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಒಂದನ್ನೇ ನೋಡಿ ಹೇಳುವುದು ಭರವಸೆಯದಲ್ಲ. ಹನಿ ಪರೀಕ್ಷೆ ಇದಕ್ಕಿಂತ ನಂಬಲರ್ಹ. ಲೇಪದ ಮೇಲಿನ ಎಣ್ಣೆ–ಜಿಡ್ಡನ್ನು ಒರೆಸಿ, ಕರಗಿದ ಮೇಣದಿಂದ ಚಿಕ್ಕ ಬಳೆ ಬರೆದು, ಅದರೊಳಗೆ ಗಾಢ ಹೈಡ್ರೋಕ್ಲೋರಿಕ್ ಆಸಿಡ್‌ನ ಒಂದು ಹನಿ ಬಿಡಬೇಕು. ಕ್ರೋಮ್ ಇದ್ದರೆ ಕೆಲ ಕ್ಷಣ ಏನೂ ಆಗದಂತೆ ತೋರಿ, ಆಮೇಲೆ ಹನಿಯ ತಳದಿಂದ ಸಣ್ಣ ಗುಳ್ಳೆಗಳು ಒಮ್ಮೆಲೇ ಏಳತೊಡಗುತ್ತವೆ, ಹನಿ ಹಸಿರು ಛಾಯೆಗೆ ತಿರುಗುತ್ತದೆ. ತುಸು ಹೊತ್ತಿಗೆ ಗುಳ್ಳೆ ನಿಂತು, ಅಡಿಯಲ್ಲಿ ಹಳದಿ ಛಾಯೆಯ ನಿಕಲ್ ವೃತ್ತ ಕಾಣುತ್ತದೆ. ಬರೀ ನಿಕಲ್ ಇದ್ದರೆ ಗುಳ್ಳೆಗಳ ಈ ಏಳು–ಬೀಳು ಇರುವುದಿಲ್ಲ.

ಆರಂಭದ ವಿಳಂಬಕ್ಕೆ ಕಾರಣ ಕ್ರೋಮಿಯಂ ಮೇಲ್ಮೈಯ ಆಕ್ಸೈಡ್ ಪೊರೆ. ಗುಳ್ಳೆ ಏಳದೇ ಹೋದರೆ ಹನಿಯೊಳಗಿನ ಮೇಲ್ಮೈಗೆ ಸತುವಿನ ತಂತಿ ಸೋಕಿಸಿದರೆ ಪೊರೆ ಒಡೆದು ಕ್ರಿಯೆ ಶುರುವಾಗುತ್ತದೆ. ಗುಳ್ಳೆ ಏಳುವ ಕಾಲಾವಧಿಯಿಂದ ಕ್ರೋಮ್‌ನ ದಪ್ಪವನ್ನು ಅಂದಾಜಿಸುವ ಕ್ರಮವನ್ನು ಎಎಸ್‌ಟಿಎಂ ಬಿ556 ಮಾನಕ ವಿವರಿಸುತ್ತದೆ. ಅದರ ಆಸಿಡ್‌ನಲ್ಲಿ ಆಂಟಿಮನಿ ಟ್ರೈಆಕ್ಸೈಡ್ ಬೆರೆತಿರುತ್ತದೆ. ಅಂದಾಜು ಉಷ್ಣತೆಯನ್ನು ಅವಲಂಬಿಸಿದೆ. ಆದ್ದರಿಂದ ಬರೀ ಆಸಿಡ್ ಹನಿಯ ಸೆಕೆಂಡುಗಳನ್ನು ಎಣಿಸಿ ಮೈಕ್ರಾನ್ ಹೇಳುವುದು ಸಾಧುವಲ್ಲ. ಇಲ್ಲಿ ಸೂಚಿಸಿದ ಪರೀಕ್ಷೆ ‘ಇದೆ’ ಅಥವಾ ‘ಇಲ್ಲ’ ಎನ್ನಲು ಮಾತ್ರ ಸಾಲುತ್ತದೆ.

5. ಆಸಿಡ್ ಮತ್ತು ಕಾಸ್ಟಿಕ್

5.1. ಆಸಿಡ್ ವಿಧಾನದಲ್ಲಿ ವಾಣಿಜ್ಯ ದರ್ಜೆಯ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಅಷ್ಟೇ ನೀರು ಸೇರಿಸಿ (ನೀರಿಗೆ ಆಸಿಡ್ಡನ್ನು ಸುರಿಯಬೇಕೇ ಹೊರತು ಆಸಿಡ್ಡಿಗೆ ನೀರನ್ನಲ್ಲ) ಕೋಣೆಯ ಉಷ್ಣತೆಯಲ್ಲೇ ವಸ್ತುವನ್ನು ಅದ್ದುತ್ತಾರೆ. ಕ್ರೋಮಿಯಂ ಕರಗಿ ಜಲಜನಕ ಬಿಡುಗಡೆಯಾಗುತ್ತದೆ; ದ್ರಾವಣದಲ್ಲಿ ಉಳಿಯುವುದು ತ್ರಿವೇಲೆನ್ಸಿ ಕ್ರೋಮಿಯಂ. 3ನೆಯ ವಿಭಾಗದ ಚೌಕಕ್ಕೆ ಬೇಕಾಗುವ ಇಂಥ ಆಸಿಡ್, ಸಮೀಕರಣದ ಪ್ರಕಾರ, ಸುಮಾರು ಕಾಲು ಮಿಲಿಲೀಟರ್ ಮಾತ್ರ. ತೊಟ್ಟಿಯ ಆಸಿಡ್ ಬೇಗ ಸೋಲುವುದು ಕ್ರೋಮಿಯಂನಿಂದಲ್ಲ. ತುಕ್ಕಿನ ಗುಂಡಿಗಳಲ್ಲಿ ತೆರೆದುಕೊಂಡ ಕಬ್ಬಿಣವನ್ನೂ ಅದು ಕರಗಿಸುವುದರಿಂದ ಎನ್ನಬಹುದು. ಹೆಕ್ಸಮಿನ್‌ನಂಥ ಪ್ರತಿಬಂಧಕವನ್ನು ಸ್ವಲ್ಪ ಬೆರೆಸಿದರೆ ಈ ಹಾನಿ ಕಡಿಮೆಯಾಗುತ್ತದೆ.

5.2. ಕಾಸ್ಟಿಕ್ ವಿಧಾನದಲ್ಲಿ ಲೀಟರಿಗೆ ಸುಮಾರು 50ರಿಂದ 90 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ವಸ್ತುವನ್ನು ರೆಕ್ಟಿಫೈಯರಿನ ಧನ ತುದಿಗೆ, ಉಕ್ಕಿನ ತಗಡನ್ನು ಋಣ ತುದಿಗೆ ಕಟ್ಟುತ್ತಾರೆ. ಇಲ್ಲಿ ಕ್ರೋಮಿಯಂ ಪರಮಾಣುವೊಂದು ಆರು ಎಲೆಕ್ಟ್ರಾನ್ ಕಳೆದುಕೊಂಡು ಕ್ರೋಮೇಟ್ ಆಗಿ ಕರಗುತ್ತದೆ. ಫ್ಯಾರಡೆ ನಿಯಮದಿಂದ ಕಾಲವನ್ನು ಲೆಕ್ಕ ಹಾಕಬಹುದು. ಚದರ ಡೆಸಿಮೀಟರಿಗೆ 5 ಆಂಪಿಯರ್ ಹರಿದು, ನಷ್ಟವಿಲ್ಲವೆಂದು ಭಾವಿಸಿದರೆ, 0.3 ಮೈಕ್ರಾನ್ ಅಲಂಕಾರದ ಕ್ರೋಮ್‌ಗೆ ಬೇಕಾದದ್ದು ಸುಮಾರು 48 ಸೆಕೆಂಡು. ಅದೇ ಕರೆಂಟಿನಲ್ಲಿ 25 ಮೈಕ್ರಾನ್ ಹಾರ್ಡ್ ಕ್ರೋಮ್‌ಗೆ ಸುಮಾರು 67 ನಿಮಿಷ. ಇವು ಕನಿಷ್ಠ ಮಿತಿಗಳು. ಮೂಲೆ–ಸಂದುಗಳಲ್ಲಿ ಕರೆಂಟು ಸಮವಾಗಿ ಹರಿಯದ ಕಾರಣ ವಾಸ್ತವದ ಕಾಲ ಹೆಚ್ಚಿರುತ್ತದೆ. ಆದರೂ ಅಲಂಕಾರದ ಲೇಪವಿರುವ ವಸ್ತು ಅರ್ಧ ಗಂಟೆಯಾದರೂ ತೊಟ್ಟಿಯಲ್ಲೇ ಇದ್ದರೆ ಕ್ರೋಮ್ ಆಗಲೇ ಹೋಗಿರಬೇಕು. ಮುಂದಿನ ಕಾಲವೆಲ್ಲ ನಿಕಲ್‌ನ ಮೇಲೆ ಆಕ್ಸೈಡ್ ಪೊರೆ ಬೆಳೆಸುವುದರಲ್ಲೇ ಕಳೆಯುತ್ತದೆ.

5.3. ಈ ಪೊರೆ ಕ್ಷುಲ್ಲಕವಲ್ಲ. ಉಲ್ಟಾ ಕರೆಂಟಿಗೆ ಸಿಕ್ಕಿದ ನಿಕಲ್ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಸಕ್ರಿಯಗೊಳಿಸದೆ ಹೊಸ ನಿಕಲ್ ಕೂರಿಸಿದರೆ ಪದರ ಸಿಪ್ಪೆಯಂತೆ ಏಳುತ್ತದೆ. ಹಳೆಯ ನಿಕಲ್ಲನ್ನು ಉಳಿಸಿಕೊಂಡು ಅದರ ಮೇಲೆ ಮತ್ತೆ ಲೇಪ ಹಾಕುವ ಉದ್ದೇಶವಿದ್ದರೆ ಆಸಿಡ್ ವಿಧಾನ ಮೇಲು. ಹೆಚ್ಚು ಬಲದ ಉಕ್ಕಿನ ವಿಷಯದಲ್ಲಿ ಆಯ್ಕೆ ತಿರುವುಮುರುವು. ಆಸಿಡ್‌ನಲ್ಲಿ ಹುಟ್ಟುವ ಜಲಜನಕದ ಒಂದಂಶ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸಬಹುದು. ಸುಮಾರು 1000 ಮೆಗಾಪಾಸ್ಕಲ್‌ಗೆ ಮೀರಿದ ಕರ್ಷಣ ಬಲದ ಉಕ್ಕು, ಸ್ಪ್ರಿಂಗು, ಬಿಗಿ ಬೋಲ್ಟುಗಳಿಗೆ ಈ ಅಪಾಯ ನಿಜವಾದದ್ದು. ಅವನ್ನು ಅದ್ದಿದ ಕೆಲವೇ ಗಂಟೆಗಳೊಳಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೀರ್ಘಕಾಲ ಕಾಯಿಸುವ ರೂಢಿ ಇರುವುದು ಇದೇ ಕಾರಣಕ್ಕೆ. ಕಾಸ್ಟಿಕ್ ವಿಧಾನದಲ್ಲಿ ಜಲಜನಕ ಹುಟ್ಟುವುದು ಎದುರಿನ ತಗಡಿನ ಮೇಲೆ, ವಸ್ತುವಿನ ಮೇಲಲ್ಲ.

6. ಮೂರು ವಸ್ತುಗಳು

6.1. ಜಾವಾ ಟ್ಯಾಂಕು. ಮೈಸೂರಿನ ಐಡಿಯಲ್ ಜಾವಾ ಕಂಪನಿಯ ಆರಂಭವನ್ನು ಕೆಲವರು 1960 ಎಂದೂ ಕೆಲವರು 1961 ಎಂದೂ ಬರೆಯುತ್ತಾರೆ. ಮೊದಲನೆಯದು ಕಂಪನಿ ಸ್ಥಾಪನೆಯ ವರ್ಷ, ಎರಡನೆಯದು ಉತ್ಪಾದನೆಯ ವರ್ಷ. ಜಾವಾ ಹೆಸರು 1973ರಲ್ಲಿ ಯೆಜ್ಡಿ ಆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ 250ರ ಪೆಟ್ರೋಲ್ ಟ್ಯಾಂಕಿನ ಎರಡು ಮಗ್ಗುಲಲ್ಲಿ ಕ್ರೋಮ್ ಫಲಕಗಳಿದ್ದು, ಉಳಿದ ಭಾಗಕ್ಕೆ ಬಣ್ಣವಿರುತ್ತದೆ. ಲೇಪ ಮತ್ತು ಬಣ್ಣ ಒಂದೇ ತಗಡಿನ ಮೇಲೆ ಕೂಡುವುದರಿಂದ ಈ ಟ್ಯಾಂಕು ಅಧ್ಯಯನಕ್ಕೆ ಅನುಕೂಲದ ಉದಾಹರಣೆ.

ಕ್ರೋಮ್ ತಾನಾಗಿ ತುಕ್ಕು ಹಿಡಿಯುವುದಿಲ್ಲ. ಅದರ ಸೂಕ್ಷ್ಮ ಬಿರುಕುಗಳ ಮೂಲಕ ನೀರು ನಿಕಲ್‌ಗೆ, ನಿಕಲ್‌ನ ರಂಧ್ರಗಳಿಂದ ಉಕ್ಕಿಗೆ ತಲುಪಿ, ತುಕ್ಕು ಒಳಗಿನಿಂದ ಚುಕ್ಕೆಯಾಗಿ ಹೊರಬರುತ್ತದೆ. ಮನೆಯ ಅಂಗಳದಲ್ಲಿ ದಿನಗಟ್ಟಲೆ ಪ್ರವಾಹದ ನೀರು ನಿಲ್ಲುವ ಸಾಂಗ್ಲಿವಾಡಿಯಂಥ ತಗ್ಗಿನ ಕಡೆ ಹಳೆಯ ಗಾಡಿಗಳಲ್ಲಿ ಇಂಥ ಚುಕ್ಕೆ ಹೆಚ್ಚುವುದು ನಿರೀಕ್ಷಿತವೇ. ಚುಕ್ಕೆಯಿರುವ ಫಲಕವನ್ನು ಆಸಿಡ್‌ನಲ್ಲಿ ಅದ್ದಿದರೆ ಕ್ರೋಮ್ ಹೋಗುವಷ್ಟರಲ್ಲಿ ಚುಕ್ಕೆಯ ತಳದ ಉಕ್ಕೂ ಕೊರೆದಿರುತ್ತದೆ. ತೆಳು ತಗಡಿಗೆ ಕಾಸ್ಟಿಕ್ ವಿಧಾನ ಮೇಲೆನಿಸುತ್ತದೆ. ಕ್ಷಾರದಲ್ಲಿ ಧನಧ್ರುವವಾದ ಉಕ್ಕು ಬಹುಮಟ್ಟಿಗೆ ಕರಗದೆ ಉಳಿಯುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿನ ಆವಿ ಲವಲೇಶವೂ ಉಳಿಯದಂತೆ ತೊಳೆದು ಬಾಯಿ–ನಲ್ಲಿಗಳನ್ನು ಬಿಗಿಯಾಗಿ ಮುಚ್ಚದ ಹೊರತು, ಜಲಜನಕ ಏಳುವ ಯಾವ ತೊಟ್ಟಿಗೂ ಅದನ್ನು ಇಳಿಸಬಾರದು. ಇದರಲ್ಲಿ ವಿನಾಯಿತಿ ಇಲ್ಲ.

ಬಣ್ಣ ಬಳಿಯುವುದಾದರೆ ನಿಕಲ್ಲನ್ನೂ ಪೂರ್ತಿ ತೆಗೆಯಬೇಕೆ ಎಂಬುದರಲ್ಲಿ ಕೆಲಸಗಾರರಲ್ಲಿ ಭಿನ್ನಾಭಿಪ್ರಾಯವಿದೆ. ನಿಕಲ್ ಎಲ್ಲೂ ಏಳದೆ ಗಟ್ಟಿಯಾಗಿ ಕೂತಿದ್ದರೆ ಎಮರಿ ಕಾಗದದಿಂದ ಒರಟುಗೊಳಿಸಿ ಎಪಾಕ್ಸಿ ಪ್ರೈಮರ್ ಹಾಕುವುದು ಸಾಕಾಗಬಹುದು. ಎಲ್ಲಾದರೂ ಅಂಚು ಎದ್ದಿದ್ದರೆ ಬಣ್ಣವೂ ಅದೇ ಅಂಚಿನಿಂದ ಏಳುತ್ತದೆ. ಆಗ ಉಕ್ಕು ಕಾಣುವವರೆಗೆ ಹೋಗದೆ ಬೇರೆ ದಾರಿ ಇಲ್ಲ.

6.2. ಡಗ್ಗಾ. ತಬಲಾ ಜೋಡಿಯ ಎಡಗೈ ವಾದ್ಯದ ಒಡಲು ಹೆಚ್ಚಾಗಿ ತಾಮ್ರದ್ದು ಇಲ್ಲವೇ ಹಿತ್ತಾಳೆಯದು. ಮೇಲೆ ನಿಕಲ್ ಅಥವಾ ಕ್ರೋಮ್ ಲೇಪವಿರುವುದು ಸಾಮಾನ್ಯ. ಲೇಪ ಸವೆದ ಡಗ್ಗಾವನ್ನು ತಾಮ್ರದ ಬಣ್ಣಕ್ಕೆ ತರಬೇಕೆಂಬ ಬಯಕೆಯಿಂದ ಅದನ್ನು ತೆಗೆಸುವುದುಂಟು. ಇಲ್ಲಿ ಎರಡು ವಿಧಾನಗಳೂ ತೊಡಕಿನವು. ಉಲ್ಟಾ ಕರೆಂಟಿನಲ್ಲಿ ತೆರೆದ ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಬೆಳೆಯುತ್ತದೆ. ಆಸಿಡ್‌ನಲ್ಲಿ ಹೆಚ್ಚು ಹೊತ್ತು ಇಟ್ಟರೆ ಹಿತ್ತಾಳೆಯ ಸತುವು ಮೊದಲು ಕರಗಿ ಮೇಲ್ಮೈ ಕೆಂಪಾಗುತ್ತದೆ. ಹಿತ್ತಾಳೆಯನ್ನು ತಾಮ್ರವೆಂದು ತಪ್ಪಾಗಿ ಗುರುತಿಸಲು ಇದೂ ಕಾರಣವಾಗಬಲ್ಲದು. ಕ್ರೋಮ್ ಮಾತ್ರ ಹೋಗುವಷ್ಟು ಕಾಲ ಆಸಿಡ್‌ನಲ್ಲಿ ಅದ್ದಿ, ಉಳಿದ ನಿಕಲ್ಲನ್ನು ಬಫಿಂಗ್ ಗಾಲಿಯಲ್ಲಿ ತೆಗೆಯುವುದು ಇದ್ದುದರಲ್ಲಿ ಕಡಿಮೆ ಹಾನಿಯ ಕ್ರಮವೆಂದು ತೋರುತ್ತದೆ. ಮೊದಲೇ ಗಾಲಿ ಹಿಡಿಯುವುದು ವ್ಯರ್ಥ: ಕ್ರೋಮಿಯಂನ ಗಡಸುತನ ವಿಕರ್ಸ್ ಮಾನದಲ್ಲಿ 850–1000ರ ಸುಮಾರಿನದು, ಹಿತ್ತಾಳೆಯದು ಅದರ ಐದರಲ್ಲೊಂದು ಪಾಲೂ ಇರುವುದಿಲ್ಲ. ಲೇಪ ಹೋಗುವ ಮೊದಲು ಅದರ ಪಕ್ಕದ ಒಡಲೇ ಸವೆಯುತ್ತದೆ. ಮುಚ್ಚಿಗೆಯನ್ನೂ ಬಾರುಗಳನ್ನೂ ಮೊದಲೇ ಬಿಚ್ಚಿ, ಆಸಿಡ್ ಹಬೆಯಿಂದ ದೂರವಿಡಬೇಕು.

6.3. ಸತುವಿನ ಎರಕ. ಹಿಡಿಕೆ, ಲಾಂಛನ, ಮುಚ್ಚಳ ಮುಂತಾದ ಹಗುರ ಭಾಗಗಳಲ್ಲಿ ಹಲವು ಸತುವಿನ ಮಿಶ್ರಲೋಹದ ಎರಕಗಳು. ಆಸಿಡ್ಡೂ ಕಾಸ್ಟಿಕ್ಕೂ ಸತುವನ್ನು ಕರಗಿಸುತ್ತವೆ. ಲೇಪದಲ್ಲಿ ಒಂದು ರಂಧ್ರವಿದ್ದರೂ ವಸ್ತು ಒಳಗಿನಿಂದ ಟೊಳ್ಳಾಗುತ್ತದೆ. ಉಕ್ಕೋ ಸತುವೋ ಎಂಬ ಅನುಮಾನವಿದ್ದರೆ ಅಯಸ್ಕಾಂತ ಹಿಡಿದು ನೋಡಬಹುದು. ಆದರೆ ದಪ್ಪ ನಿಕಲ್ ಲೇಪವೂ ಅಯಸ್ಕಾಂತಕ್ಕೆ ತುಸು ಸೆಳೆಯುತ್ತದೆಯಾದ್ದರಿಂದ ದುರ್ಬಲ ಸೆಳೆತವನ್ನು ಉಕ್ಕಿನ ಸಾಕ್ಷ್ಯವೆಂದು ಎಣಿಸಬಾರದು.

7. ತೊಟ್ಟಿಯಲ್ಲಿ ಉಳಿಯುವುದು

ಆಸಿಡ್ ತೊಟ್ಟಿಯ ಹಸಿರು ತ್ರಿವೇಲೆನ್ಸಿ ಕ್ರೋಮಿಯಂನದು. ಕಾಸ್ಟಿಕ್ ತೊಟ್ಟಿಯ ಹಳದಿ ಷಡ್ವೇಲೆನ್ಸಿ ಕ್ರೋಮಿಯಂನದು. ಷಡ್ವೇಲೆನ್ಸಿ ಕ್ರೋಮಿಯಂ ಸಂಯುಕ್ತಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1990ರಲ್ಲಿ ಪ್ರಕಟಿಸಿದ ತನ್ನ 49ನೆಯ ಸಂಪುಟದಲ್ಲಿ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವು ಎಂಬ ಗುಂಪಿಗೆ, ಸೇರಿಸಿದೆ. ನಮ್ಮ 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯ ಮಾನದಂಡದಲ್ಲಿ, ಹೊರಬಿಡುವ ನೀರಿನಲ್ಲಿ ಷಡ್ವೇಲೆನ್ಸಿ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2.0 ಮಿಲಿಗ್ರಾಂ ಮೀರುವಂತಿಲ್ಲ. ಎರಡು ಮಿತಿಗಳ ನಡುವಣ ಅಂತರ ಇಪ್ಪತ್ತು ಪಟ್ಟು. ಉಕ್ಕಿಗೆ ಹೆಚ್ಚು ಸುರಕ್ಷಿತವಾದ ಕಾಸ್ಟಿಕ್ ವಿಧಾನವೇ ಹೆಚ್ಚು ವಿಷದ ಉಳಿಕೆಯನ್ನು ಬಿಡುತ್ತದೆ ಎಂಬುದು ಗಮನಿಸಬೇಕಾದ ಅಂಶ.

ಪ್ರಮಾಣದ ಅರಿವಿಗೆ ಮತ್ತೆ ಅದೇ ಚೌಕ. ಅದರ 21.6 ಮಿಲಿಗ್ರಾಂ ಕ್ರೋಮಿಯಂ ಪೂರ್ತಿ ಕ್ರೋಮೇಟ್ ಆದರೆ 216 ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಹತ್ತು ಚದರ ಡೆಸಿಮೀಟರಿನ ಒಂದು ಭಾಗಕ್ಕೆ ಇದು 2,160 ಲೀಟರ್. (ನೀರು ಬೆರೆಸಿ ತೆಳುವಾಗಿಸುವುದು ಶುದ್ಧೀಕರಣವಲ್ಲ; ಲೆಕ್ಕ ಕೊಟ್ಟದ್ದು ಹೋಲಿಕೆಗಾಗಿ.) ಸರಿಯಾದ ಕ್ರಮವೆಂದರೆ ದ್ರಾವಣವನ್ನು ಆಮ್ಲೀಯಗೊಳಿಸಿ, ಪಿಎಚ್ 3ಕ್ಕಿಂತ ಕೆಳಗೆ ಸೋಡಿಯಂ ಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್ ಸೇರಿಸಿ ಹಳದಿಯನ್ನು ಹಸಿರಿಗೆ ತಿರುಗಿಸಿ, ಆಮೇಲೆ ಸುಣ್ಣ ಹಾಕಿ ಪಿಎಚ್ 8.5ರ ಆಸುಪಾಸಿನಲ್ಲಿ ಕ್ರೋಮಿಯಂ ಹೈಡ್ರಾಕ್ಸೈಡ್ ಗಸಿಯಾಗಿ ಇಳಿಸುವುದು. ಗಸಿಯೂ ಅಪಾಯಕಾರಿ ತ್ಯಾಜ್ಯವೇ. ಹಳದಿ ಮಾಯವಾದದ್ದನ್ನು ಕಣ್ಣಿಂದ ನೋಡಿ ಕೆಲಸ ಮುಗಿಯಿತೆನ್ನುವುದು ಸಾಲದು: ಬರಿಗಣ್ಣಿಗೆ ಕಾಣದಷ್ಟು ಕ್ರೋಮೇಟೂ 0.1ರ ಮಿತಿಯನ್ನು ಮೀರಿರಬಹುದು. ಡೈಫಿನೈಲ್ ಕಾರ್ಬಜೈಡ್ ಹಾಕಿದಾಗ ನೇರಳೆ ಬಣ್ಣ ಬಾರದಿರುವುದೇ ಒಪ್ಪಬಹುದಾದ ಸಾಕ್ಷ್ಯ.

ಸ್ಥಳದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಆಯರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. 2005ರ ಪ್ರವಾಹದಲ್ಲಿ ನೀರು 53 ಅಡಿ ದಾಟಿತ್ತು. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು. 2021ರಲ್ಲಿಯೂ ಅಪಾಯದ ಮಟ್ಟ ಮೀರಿತು. ಹದಿನಾರು ವರ್ಷಗಳಲ್ಲಿ ಮೂರು ದೊಡ್ಡ ಪ್ರವಾಹ ಕಂಡ ತಗ್ಗಿನಲ್ಲಿ ನೆಲದ ಮೇಲಿಟ್ಟ ಬಳಸಿದ ಕಾಸ್ಟಿಕ್ ಡ್ರಮ್ಮು ಸುರಕ್ಷಿತ ಎನ್ನಲಾಗದು. ಇಲ್ಲಿಂದ ಹೊರಟ ಕೃಷ್ಣೆ ಹರಿಪುರದಲ್ಲಿ ವಾರಣೆಯನ್ನೂ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಬೆಳಗಾವಿ ಜಿಲ್ಲೆಯನ್ನು ಹೊಗುತ್ತದೆ. ಕುಡಚಿ, ಹಿಪ್ಪರಗಿ, ಆಲಮಟ್ಟಿ ಅದರ ಮುಂದಿನ ಊರುಗಳು. ಕುಡಿಯುವ ನೀರಿನ ಮಾನಕ ಐಎಸ್ 10500 ಒಟ್ಟು ಕ್ರೋಮಿಯಂಗೆ ಕೊಡುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ತೊಟ್ಟಿಯ ದ್ರಾವಣವನ್ನು ಆಯಾ ದಿನವೇ ಅಪಕರ್ಷಿಸಿ (ಹಳದಿಯನ್ನು ಹಸಿರಿಗೆ ತಿರುಗಿಸಿ) ಇಡುವುದು, ಡ್ರಮ್ಮನ್ನು ದಾಖಲಾದ ಅತಿ ಎತ್ತರದ ಪ್ರವಾಹ ರೇಖೆಗಿಂತ ಮೇಲಿಡುವುದು, ಈ ಎರಡನ್ನೂ ವಿಧಾನದ ಭಾಗವೆಂದೇ ಎಣಿಸಬೇಕು.

8. ಕೋರಿಕೆ

ಲೇಪ ಹೋದಮೇಲೆ ವಸ್ತುವಿನ ಇತಿಹಾಸದ ಒಂದು ಸಾಕ್ಷ್ಯ ಹೋದಂತೆಯೇ. 2ನೆಯ ವಿಭಾಗದಲ್ಲಿ ಹೇಳಿದ ಕಾಲನಿರ್ಣಯ ಸಾಧ್ಯವಾಗುವುದು ಪದರಗಳು ಎಲ್ಲಾದರೂ ಒಂದೆಡೆ ಉಳಿದಿದ್ದರೆ ಮಾತ್ರ. ಹಳೆಯ ಸೈಕಲ್ಲು, ಡಗ್ಗಾ, ಗಾಡಿಯ ಭಾಗಗಳನ್ನು ಹೊಸದಾಗಿಸುವವರು ಕಣ್ಣಿಗೆ ಬೀಳದ ಒಂದು ಕಡೆ, ಉದಾಹರಣೆಗೆ ಸಿಂಬೆಯ ಮೇಲೆ ಕೂರುವ ಡಗ್ಗಾದ ತಳದಲ್ಲಿ, ಒಂದು ಚದರ ಅಂಗುಲದಷ್ಟು ಜಾಗವನ್ನು ಮೇಣದಿಂದ ಮುಚ್ಚಿ ಮೂಲ ಲೇಪವನ್ನು ಹಾಗೆಯೇ ಉಳಿಸಬೇಕು; ಹನಿ ಪರೀಕ್ಷೆಯ ಫಲಿತಾಂಶ, ವಿಧಾನ ಮತ್ತು ದಿನಾಂಕವನ್ನು ಬರೆದಿಡಬೇಕು ಎಂದು ವಿನಂತಿ.